ತಲ್ಲೂರಿನ ಸರ್ವರ್

ಗೋಪಿ ಕಾಲು ಜಾರಿ ಐಸ್ ಪುಡಿ ಮಾಡುವ ಯಂತ್ರಕ್ಕೆ ಸಿಕ್ಕಿ ಸತ್ತ ಮರುವಾರ, ತಲ್ಲೂರಿನ ಆ ಐಸ್ ಪ್ಲಾಂಟಿನ ಸರ್ವರಿಗೆ ಬ್ಯಾಕಪ್ ಸಾಫ್ಟ್‌ವೇರ್ ಆರಿಸಲು ಹೋದೆ.

“ಇಡೀ ಡಿಸ್ಕ್ ಎಂತಕೆ ಮಾರಾಯಾ? ಲೆಕ್ಕದ ಫೈಲ್ ಸಾಕ್,” ಎಂದರು ಗೋಪಿಯ ಅಣ್ಣ ಶೈಲೇಶ್.

“ಡಿಸ್ಕ್ ಕೆಟ್ರೆ ಇದ್ದಾಂಗೆ ವಾಪಸ್ ಬರ್ಕಲ್ದಾ, ಶೈಲೇಶಣ್ಣ?”

ಡಿಸ್ಕಿನ ಪೂರ್ತಿ ನಕಲು ತೆಗೆದು, ಹೊಸ ಡಿಸ್ಕಿಗೆ ಇಳಿಸಿ, ಸರ್ವರ್ ಶುರುಮಾಡಿದೆ. ಸ್ಪೀಕರ್ ಇರಲಿಲ್ಲ. ಆದರೂ ಸರ್ವರಿನೊಳಗಿಂದ ಗೋಪಿಯ ಕೂಗು: “ಅಣ್ಣಾ, ದೂಡ್ಬೇಡ!” ಹಿಂದೆಯೇ ಐಸಿನ ಜೊತೆ ಎಲುಬು ಮುರಿಯುವ ಸದ್ದು.

ಶೈಲೇಶ್ ಐಸ್ ಒಡೆಯುವ ಸುತ್ತಿಗೆಯಿಂದ ಆ ಡಿಸ್ಕನ್ನು ಜಜ್ಜಿದರು. ಚೂರುಗಳು ಕೈಗಂಟುವಷ್ಟು ತಣ್ಣಗಿದ್ದವು.

“ಬೇರೆ ಸಾಫ್ಟ್‌ವೇರ್ ಹಾಕ್.”

ಎರಡನೆಯದು, ಅಳಿಸಿದ್ದೆಲ್ಲ ಅಡಗಿರುವ ಖಾಲಿ ಜಾಗ ಬಿಟ್ಟು, ಉಳಿದದ್ದನ್ನಷ್ಟೇ ನಕಲು ಮಾಡುತ್ತದೆ. ಆ ನಕಲನ್ನು ಇನ್ನೊಂದು ಡಿಸ್ಕಿಗೆ ಇಳಿಸಿ ಶುರುಮಾಡಿದಾಗ ಗೋಪಿ ಕೂಗಲಿಲ್ಲ. ಎಲುಬು ಮುರಿಯುವ ಸದ್ದು ಅದೇ; ಕೂಗು ಮಾತ್ರ ಶೈಲೇಶರದು. ಅವರು ನನ್ನ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡೇ ನಿಂತಿದ್ದರು.