ಒಂದೇ ರಟ್ಟಿನೊಳಗೆ

"ಇವೆರಡನ್ನೂ ಸೇರಿಸಿ ಒಂದೇ ರಟ್ಟು ಹಾಕಿಕೊಡ್ತೀರಾ?"

ಬೈಂಡಿಂಗ್ ಅಂಗಡಿಯ ಮೇಜಿನ ಮೇಲೆ ಅವನಿಟ್ಟ ಪುಸ್ತಕಗಳನ್ನು ನೋಡಿ ಅವಳ ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು. ಒಂದು ಬೈಬಲ್. ಇನ್ನೊಂದು ಹಳೇ ಗ್ರೀಕ್ ತತ್ವಜ್ಞಾನಿಗಳದ್ದು!

"ದೇವರ ವಾಕ್ಯದ ಜೊತೆ ಇವರನ್ನಾ? ನಾನು ಪಾದ್ರಿ ಮಗಳು, ಗೊತ್ತಾ?"

"ನಾನು ತತ್ವಶಾಸ್ತ್ರದ ಮೇಷ್ಟ್ರು. ಎರಡನ್ನೂ ಅಕ್ಕಪಕ್ಕ ಇಟ್ಕೊಂಡೇ ಓದೋದು. ಇಲ್ಲೀವರೆಗೂ ಜಗಳ ಆಡಿಲ್ಲ," ಎಂದು ನಕ್ಕ.

ಆ ನಗು ಕಂಡು ಅವಳಿಗೆ ಮೈಯೆಲ್ಲ ಉರಿಯಿತು. ಅದು ಕೋಪವೆಂದೇ ಅಂದುಕೊಂಡಳು, ಪಾಪ!

"ಮೊದಲು ಓದಿ ನೋಡ್ತೀನಿ. ಹೊಲಿಗೆ ಆಮೇಲೆ."

ಹಾಗೆ ಶುರುವಾಯಿತು. ಸಂಜೆ ಕಾಲೇಜು ಬಿಟ್ಟೊಡನೆ ಮೇಷ್ಟ್ರು ಹಾಜರ್. ಅಂಟಿನ ಡಬ್ಬಿ ಸರಿಸಿ ಇಬ್ಬರೂ ಓದುವರು. ನಿಯಮ ಅವಳದೇ: ಅವಳು ಗ್ರೀಕರ ಪರ ವಾದಿಸಬೇಕು, ಅವನು ಬೈಬಲ್ ಪರ. ಮನಸ್ಸಿನಲ್ಲಿ ಏನೇ ಇರಲಿ, ತನ್ನ ಪಾಲಿನ ಪುಸ್ತಕವನ್ನು ಬಿಟ್ಟುಕೊಡುವಂತಿಲ್ಲ. ಒಳಕೋಣೆಯಲ್ಲಿ ಭಾನುವಾರ ಚರ್ಚಿನಲ್ಲಿ ಹೇಳುವ ಪ್ರಸಂಗ ಬರೆಯುತ್ತಿದ್ದ ಅಪ್ಪ ಕಿವಿಗೆ ಹತ್ತಿ ಇಟ್ಟುಕೊಳ್ಳುವರು.

ಒಂದು ಸಂಜೆ ಅವಳಿಗೆ ಸಿಕ್ಕಿದ್ದು ಗ್ರೀಕರ ಹಳೆಯ ಕಥೆ. ಮನುಷ್ಯರು ಮೊದಲು ಜೋಡಿಯಾಗಿ ಅಂಟಿಕೊಂಡಿದ್ದರಂತೆ. ದೇವತೆಗಳು ಸೀಳಿದ ಮೇಲೆ, ಒಂದರ್ಧ ಇನ್ನೊಂದರ್ಧವನ್ನು ಹುಡುಕುತ್ತಲೇ ಇದೆಯಂತೆ. ಅದರ ಪರ ಮಾತಾಡುತ್ತಾ ಮಾತಾಡುತ್ತಾ ಅವಳು ಪುಸ್ತಕ ನೋಡುವುದನ್ನೇ ಮರೆತಳು. ಅದು ಗ್ರೀಕರ ಮಾತಾಗಿರಲಿಲ್ಲ, ಅವಳದೇ ಆಗಿತ್ತು.

'ದೇವರೇ, ಈ ಮನುಷ್ಯನಿಗೆ ಅರ್ಥವಾಗಲಿ...'

ಅವನಿಗೆ ಸಿಕ್ಕಿದ್ದು, ಮದುವೆಯಾಗದೆ ಇರುವುದೇ ಒಳ್ಳೆಯದೆಂದು ಯೇಸುವಿನ ದೂತನಾದ ಅಪೊಸ್ತಲ ಬರೆದ ಪತ್ರ. ಅವನೋ, ಎದ್ದು ನಿಂತೇ ವಾದಿಸಿದ! ಒಂಟಿಯಾಗಿದ್ದರೆ ಚಿಂತೆಯಿಲ್ಲ, ಮನಸ್ಸು ಎರಡು ಕಡೆ ಎಳೆಯುವುದಿಲ್ಲ...

ಅವಳು ಪುಸ್ತಕ ಮುಚ್ಚಿದಳು.

"ನಾಳೆಯಿಂದ ಬರಬೇಡಿ ಮೇಷ್ಟ್ರೇ. ಕೆಲಸ ಜಾಸ್ತಿ ಇದೆ."

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಆಗಲೇ ಬೆನ್ನು ತಿರುಗಿಸಿದ್ದಳು.

ಮರುದಿನದಿಂದ ಸಂಜೆಗಳು ಬಿಕೋ ಎಂದವು. ಅಪ್ಪ ಕಿವಿಯ ಹತ್ತಿ ತೆಗೆದು ಹೊರಗೆ ಬಂದರು.

"ಯಾಕಮ್ಮಾ ಇಷ್ಟು ನಿಶ್ಶಬ್ದ? ಒಂದಕ್ಷರ ಬರೆಯೋಕಾಗ್ತಿಲ್ಲ."

"ಅವರಿಗೆ ಒಂಟಿಯಾಗಿರೋದೇ ಇಷ್ಟ ಅಪ್ಪಾ! ಆ ಪತ್ರದ ಪರ ಎಷ್ಟು ಚೆನ್ನಾಗಿ ವಾದಿಸಿದ್ರು ಗೊತ್ತಾ?"

ಅಪ್ಪ ಬಿದ್ದು ಬಿದ್ದು ನಕ್ಕರು. "ಹುಚ್ಚಿ! ಆ ಪತ್ರದ ಮೇಲೆ ನಾನೂ ಎಷ್ಟೋ ಸಲ ಪ್ರಸಂಗ ಮಾಡಿದ್ದೀನಿ. ಹಾಗಂತ ನಿಮ್ಮಮ್ಮನ್ನ ಕಟ್ಕೊಳ್ದೆ ಬಿಟ್ನಾ? ಅಂದಹಾಗೆ, ಆ ನಿಯಮ ಯಾರದು?"

ಅವಳ ಮುಖ ಕೆಂಪಾಯಿತು. ಅಯ್ಯೋ... ನಿಯಮ ತನ್ನದೇ!

ಕೂತಲ್ಲೇ ಎರಡೂ ಪುಸ್ತಕ ಹೊಲಿದು ರಟ್ಟು ಹಾಕಿದಳು. ಅದು ಒಣಗಿದ ಕೂಡಲೇ ಕಾಲೇಜಿಗೆ ಓಡಿದಳು. ಕೈಗೆ ಅಂಟಿದ್ದ ಅಂಟನ್ನೂ ತೊಳೆದಿರಲಿಲ್ಲ.

"ತಗೊಳ್ಳಿ. ಎರಡೂ ಸೇರಿಸಿ ಹೊಲಿದಿದ್ದೀನಿ. ಒಂದು ಗಿಡ್ಡ, ಒಂದು ಉದ್ದ. ಅಂಚು ಕತ್ತರಿಸಿ ಸಮ ಮಾಡೋಕೆ ಮನಸ್ಸು ಬರ್ಲಿಲ್ಲ."

ಅವನು ಪುಸ್ತಕವನ್ನು ಎದೆಗೊತ್ತಿಕೊಂಡ.

"ಮೇಷ್ಟ್ರೇ, ಆವತ್ತು ಅಪೊಸ್ತಲರ ಪರ ಮಾತಾಡಿದ್ರಿ. ನಿಮ್ಮ ಪರ ಏನು ಹೇಳ್ತೀರಿ?"

"ಆವತ್ತು ಸೋಲೋಕೆ ಕಾಯ್ತಾ ನಿಂತಿದ್ದೆ ಕಣ್ರೀ. ನೀವು ಎದುರು ವಾದಾನೇ ಮಾಡ್ಲಿಲ್ಲ!"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಈಗ ಮಾಡ್ಲಾ?"

"ಬೇಡ," ಎಂದು ಅವನು ಅವಳ ಅಂಟು ಮೆತ್ತಿದ ಕೈ ಹಿಡಿದ. "ಪುಸ್ತಕ ಕೊಡೋಕೆ ಬಂದ ದಿನಾನೇ ಸೋತಿದ್ದೀನಿ."