ಕೊಸರಿನ ಐದು ಲೆಕ್ಕ

“ಅಯ್ಯಯ್ಯ! ಅಕ್ಕಾರ ಕೈ ನಾ ಹ್ಯಾಂಗ ಹಿಡೀಲವ್ವಾ?”

ಭೀಮಗೊಂಡ ಅಜ್ಜ ಬೆನ್ನು ಕರಿಹಲಗೆಗೆ ತಾಗುವವರೆಗೂ ಹಿಂದೆ ಸರಿದರು. ಆರನೇ ಕ್ಲಾಸು ಗೊಳ್ಳೆಂದು ನಕ್ಕಿತು. ಮೊಮ್ಮಗಳು ರುತುಜಾಳಿಗೆ ಮಾತ್ರ ಬೆಂಚಿನ ಕೆಳಗೆ ಹೊಕ್ಕುಬಿಡೋಣ ಅನ್ನಿಸಿತು.

ತಪ್ಪು ಅವಳದೇ. ಗಡಹಿಂಗ್ಲಜದ ಆ ಕಾನ್ವೆಂಟ್ ಹೈಸ್ಕೂಲಿನಲ್ಲಿ ಶನಿವಾರ ಬಿಸಿನೆಸ್ ಪಿರಿಯಡ್. ಈ ವಾರದ ಪಾಠ ಚೌಕಾಶಿ. “ನಮ್ಮಜ್ಜ ಮೆಣಸಿನಕಾಯಿ ಪ್ಯಾಟ್ಯಾಗ ನಲವತ್ತ ವರ್ಷ ಖರೀದಿ ಮಾಡ್ಯಾನ್ರಿ ಸಿಸ್ಟರ್. ಟವೆಲ್ ಒಳಗ ಬೆರಳ ಹಿಡದು ರೇಟ್ ಮುಗಸತಿದ್ದ. ಬಾಯಿ ಬಿಡೂದೇ ಇಲ್ಲ!” ಎಂದು ಅವಳೇ ಜಂಬ ಕೊಚ್ಚಿದ್ದಳು. ಅಜ್ಜನನ್ನು ಕರೆದುಕೊಂಡು ಬಾ ಎಂದು ಸಿಸ್ಟರ್ ಶಾಲನ ಹೇಳಿದರು. ಅಜ್ಜ ಇಸ್ತ್ರಿ ಮಾಡಿದ ಧೋತರ ಉಟ್ಟು ತಮ್ಮೂರು ಮಹಾಗಾಂವದಿಂದ ಬಂದೇಬಿಟ್ಟರು.

ಆದರೆ ಸಿಸ್ಟರ್ ಕೈ ಹಿಡಿಯುವುದು ಹೇಗೆ? ಸಿಸ್ಟರ್ ಕೂಡ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

“ರುತುಜಾ, ನೀ ನಡುವ ನಿಂದರು. ನಾ ಎಷ್ಟ ಬೆರಳ ಹಿಡೀತೇನಿ, ಅಷ್ಟ ಅಜ್ಜಾರಿಗೆ ಮುಟ್ಟಸು. ಅವರದು ನನಗ.”

“ಮಾಲು ಎಲ್ಲೈತ್ರಿ?” ಎಂದರು ಅಜ್ಜ. “ಮಾಲಿಲ್ಲದ ಯಾಪಾರ ನಾ ಮಾಡಾಂವಲ್ಲ.”

“ಸೋಮವಾರದ ಗಣಿತ ಹೋಮ್‌ವರ್ಕ್!” ಎಂದು ಅಜಿಂಕ್ಯ ಹಿಂದಿನ ಬೆಂಚಿನಿಂದ ಕೂಗಿದ.

ಗಣಿತವೂ ಸಿಸ್ಟರ್ ಶಾಲನ ಅವರದೇ. ನಗುತ್ತಾ ಒಪ್ಪಿದರು. ಒಂದು ಬೆರಳೆಂದರೆ ಐದು ಲೆಕ್ಕ. ಮಕ್ಕಳ ಪರವಾಗಿ ಅಜ್ಜ.

“ಒಂದ ಬೆರಳಿಗೆ ಮುಗಸು. ನಾಳೆ ಮ್ಯಾಚ್ ಐತಿ,” ಎಂದು ಅಜಿಂಕ್ಯ ಮುಂದೆ ಬಂದು ರುತುಜಾಳ ಕಿವಿಯಲ್ಲಿ ಪಿಸುಗುಟ್ಟಿದ. “ಇಲ್ಲಂದ್ರ ಟೀಮಿನ್ಯಾಗ ನೀ ಇಲ್ಲ.”

ಆ ಟೀಮಿಗೆ ಸೇರಲು ರುತುಜಾ ಜೂನ್‌ನಿಂದ ಕಾದಿದ್ದಳು.

ಅಜ್ಜ ಗಣಿತದ ಪುಸ್ತಕವನ್ನು ಮೂಸಿ ನೋಡಿದರು. ಭಾಗಾಕಾರದ ಹಾಳೆಯನ್ನು ಬೆರಳಲ್ಲಿ ತಿಕ್ಕಿದರು. “ಮಾಲು ಛಲೋ ಐತಿ. ಹಸಿ ಇಲ್ಲ,” ಎಂದು ಗಂಭೀರವಾಗಿ ಹೇಳಿ ರುತುಜಾಳ ಎರಡೂ ಕೈಗಳ ಮೇಲೆ ಟವೆಲ್ ಹಾಸಿದರು.

ಸಿಸ್ಟರ್ ಎರಡು ಬೆರಳು ಹಿಡಿದರು. ಹತ್ತು ಲೆಕ್ಕ. ರುತುಜಾ ಅದನ್ನು ಅಜ್ಜನಿಗೆ ಮುಟ್ಟಿಸಿದಳು. ಅಜ್ಜ ಒಲ್ಲೆನೆಂದು ತಲೆ ಅಲ್ಲಾಡಿಸಿದರು. ಕ್ಲಾಸಿಗೆ ಖುಷಿಯೋ ಖುಷಿ.

ಆಮೇಲೆ ಅಜ್ಜ ಅವಳ ಬೆರಳು ಹಿಡಿದರು. ನಾಲ್ಕು!

“ಅಜ್ಜಾ!”

“ಶ್! ಟವೆಲ್ ಒಳಗ ಕೈ ಇದ್ದಾಗ ಮಾತಾಡಬಾರದು.”

ಜೀವನವೆಲ್ಲಾ ಮಾಲು ಕೊಂಡ ಮನುಷ್ಯ. ಛಲೋ ಮಾಲು ಕಂಡರೆ ಹೆಚ್ಚಿಗೆ ಕೇಳುವುದಷ್ಟೇ ಅಜ್ಜನಿಗೆ ಗೊತ್ತು!

ಸಿಸ್ಟರಿಗೆ ಒಂದೇ ಬೆರಳು ಮುಟ್ಟಿಸಿದರೆ ಯಾರಿಗೆ ಗೊತ್ತಾಗುತ್ತದೆ? ರುತುಜಾ ಅಜ್ಜನ ಮುಖ ನೋಡಿದಳು. ಅವಳ ಮೇಲೆ ಪೂರಾ ಭರವಸೆ ಇಟ್ಟು ಅವರು ಕಣ್ಣು ಮುಚ್ಚಿ ನಿಂತಿದ್ದರು. ಅವಳು ಸಿಸ್ಟರ್ ಕೈಯಲ್ಲಿ ನಾಲ್ಕು ಬೆರಳು ಹಿಡಿದಳು.

“ಖರೇನು?” ಎಂದು ಸಿಸ್ಟರ್ ಹುಬ್ಬೇರಿಸಿದರು. ಆಮೇಲೆ ನಾಲ್ಕನ್ನೇ ಒತ್ತಿ ಒಪ್ಪಿದರು.

ಅಜ್ಜ ಕೈ ಬಿಡಲಿಲ್ಲ. ಇನ್ನೊಂದು ಬೆರಳು ಹಿಡಿದು ಅಲ್ಲಾಡಿಸಿದರು. ಕೊಸರು! ಕೊಂಡ ಮಾಲಿನ ಮೇಲೆ ಪುಕ್ಕಟೆ ಬೇಡುವ ಕೊಸರು. ರುತುಜಾ ಅದನ್ನೂ ಮುಟ್ಟಿಸಿದಳು.

“ಇಪ್ಪತ್ತು! ಮ್ಯಾಲೆ ಕೊಸರು ಐದು!” ಅಜ್ಜ ಟವೆಲ್ ಝಾಡಿಸಿ, ಗೆದ್ದ ಮುಖದಲ್ಲಿ ಚಪ್ಪಾಳೆಗೆ ಕಾದರು. ಸಿಸ್ಟರ್ ಒಬ್ಬರೇ ತಟ್ಟಿದರು. ಅಜಿಂಕ್ಯ ನೋಟ್‌ಬುಕ್ಕಿನ ಕೊನೆಯ ಪುಟದ ಟೀಮ್ ಪಟ್ಟಿಯಲ್ಲಿ ರುತುಜಾಳ ಹೆಸರು ಹೊಡೆದುಹಾಕಿದ.

ಸಂಜೆ ರುತುಜಾ ಮುಖ ಊದಿಸಿಕೊಂಡು ಮನೆಯ ಕಟ್ಟೆಯ ಮೇಲೆ ಲೆಕ್ಕಕ್ಕೆ ಕೂತಳು. ಇಪ್ಪತ್ತನೆಯದು ಮುಗಿಯುವ ಹೊತ್ತಿಗೆ ಅಜ್ಜ ಕನ್ನಡಕ ಒರೆಸುತ್ತಾ ಬಂದು ಪಕ್ಕದಲ್ಲಿ ಕೂತರು. ಅವರ ಕೈಯಲ್ಲಿ ಹೊಸ ಪೆನ್ಸಿಲ್ ಇತ್ತು.

“ಆ ಐದ ಬಿಡವ್ವಾ. ಕೊಸರು ನಂದು.”

“ನಿನಗ್ಯಾಕ ಅಜ್ಜಾ?”

“ಮೂರನೇತ್ತಾಗ ಸಾಲಿ ಬಿಡಿಸಿದ್ರು. ಭಾಗಾಕಾರ ಕಲೀಲೇ ಇಲ್ಲ. ಬಾಯಿ ಬಿಟ್ಟು ಕೇಳಾಕ ನಾಚಿಕಿ.” ಅಜ್ಜ ಪೆನ್ಸಿಲ್ ತಿರುವಿದರು. “ಅದಕ್ಕ ಟವೆಲ್ ಒಳಗ ಕೇಳಿದ್ನಿ.”

ರುತುಜಾ ಪುಸ್ತಕವನ್ನು ಅಜ್ಜನ ಕಡೆ ಸರಿಸಿ, ಹೇಗೆ ಮಾಡಬೇಕೆಂದು ತೋರಿಸಿದಳು. ಅಜ್ಜ ಬಹಳ ಹೊತ್ತು ಗೀಚಿದರು.

“ಶೇಷ ಎಷ್ಟ ಉಳೀತು?”

ಅಜ್ಜ ಅತ್ತಿತ್ತ ನೋಡಿದರು. ಅಂಗಳದಲ್ಲಿ ರುತುಜಾಳ ಅಜ್ಜಿ ಅಕ್ಕವ್ವ ಜೋಳ ಹಸನು ಮಾಡುತ್ತಾ ಇತ್ತಲೇ ಕಿವಿ ಇಟ್ಟಿದ್ದಳು. ರುತುಜಾ ಅಜ್ಜನ ಹೆಗಲಿನ ಟವೆಲ್ ತೆಗೆದು ಇಬ್ಬರ ಕೈಗಳ ಮೇಲೆ ಹಾಸಿದಳು.

ಒಳಗೆ ಅಜ್ಜ ಮೂರು ಬೆರಳು ಹಿಡಿದರು. ಉತ್ತರ ತಪ್ಪಾಗಿತ್ತು.

ರುತುಜಾ ಬಾಯಿ ಬಿಡದೆ, ಮೆಲ್ಲಗೆ, ಅವರ ಎರಡು ಬೆರಳು ಹಿಡಿದಳು.