ಗೆರೆಯಿಂದ ನಾಲ್ಕು ಸಾವಿರ ಆಚೆ

ವೆರ್ನಾ ಲಾಹ್ಟಿಯ ಅಡುಗೆಮನೆಯ ಕಿಟಕಿಯೆದುರು ಪರಸ್ಪರ ಅಪರಿಚಿತರಾದ ಇಬ್ಬರು ಬರೀ ಕಾಲುಚೀಲದಲ್ಲಿ ನಿಂತಿದ್ದರು.

ಬೂಟುಗಳೆಲ್ಲ ಬಾಗಿಲ ಬಳಿ ಸಾಲಾಗಿದ್ದವು. ಮಾರಾಟಕ್ಕಿಟ್ಟ ಮನೆಯನ್ನು ಭಾನುವಾರ ಮಧ್ಯಾಹ್ನ ಯಾರು ಬೇಕಾದರೂ ಬಂದು ನೋಡಬಹುದು. ಆದರೆ ಅಮೆರಿಕದ ಉತ್ತರದಂಚಿನ ನಮ್ಮ ಡುಲೂತ್‌ನಲ್ಲಿ ಮಾರಾಟದ ಮನೆಗೂ ಯಾರೂ ಬೂಟು ಹಾಕಿಕೊಂಡು ನುಗ್ಗುವುದಿಲ್ಲ.

ಕಿಟಕಿಯಾಚೆ ಸರೋವರ... ಅಕ್ಟೋಬರ್ ತಿಂಗಳ ಬೂದು ನೀರು. ಅದಿರು ತುಂಬಿಕೊಂಡ ಒಂದು ಹಡಗು ದೂರದಲ್ಲಿ, ಹೊರಟಿದೆಯೋ ನಿಂತಿದೆಯೋ ತಿಳಿಯದ ಹಾಗೆ.

ಇಬ್ಬರಲ್ಲಿ ಒಬ್ಬಳಾದ ಸಿಗ್ನೆ ಓಸ್ಟ್‌ಬಿಗೆ ಆಗ ಮೂವತ್ತಮೂರು. ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ನರ್ಸ್. ಹನ್ನೊಂದು ವರ್ಷದಲ್ಲಿ ಆರು ಬಾಡಿಗೆ ಮನೆ ಬದಲಿಸಿದ್ದಳು. ವೆರ್ನಾ ನಮ್ಮ ಚರ್ಚಿನಲ್ಲಿ ನಲವತ್ತು ವರ್ಷ ಆರ್ಗನ್ ನುಡಿಸಿದವರು. ಪುಟ್ಟ ಸಿಗ್ನೆ ಇದೇ ಅಡುಗೆಮನೆಯಲ್ಲಿ ಕೂತು ಸ್ತೋತ್ರಗಳನ್ನು ಬಾಯಿಪಾಠ ಮಾಡಿದ್ದಳು. ಯಾವ ಸಾಲಿಗೆ ಬಂದಾಗ ಬೆಳಕು ಯಾವ ಗೋಡೆಗೆ ಬೀಳುತ್ತಿತ್ತು ಎಂಬುದೂ ಅವಳಿಗೆ ನೆನಪಿತ್ತು.

ಪಕ್ಕದಲ್ಲಿದ್ದವನು ತಿರುಗಿದ. ಎತ್ತರದ ಆಳು. ಎಡಗಾಲಿನ ಚೀಲದಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು.

"ಈ ಮನೆ ನಾನು ತಗೋಬೇಕು ಅಂತಿದೀನಿ," ಎಂದ, ಯಾವ ಪೀಠಿಕೆಯೂ ಇಲ್ಲದೆ. "ನೀವೂ ಅದಕ್ಕೇ ಬಂದ್ರಾ?"

ಸಿಗ್ನೆ ಬಂದದ್ದೂ ಅದಕ್ಕೇ. ಆದರೆ ಬಾಯಿಂದ ಹೊರಟದ್ದು ನಮ್ಮೂರಿನ ಮಾತು.

"ಪರವಾಗಿಲ್ಲ... ನೀವೇ ತಗೊಳ್ಳಿ."

"ಹೌದಾ? ಥ್ಯಾಂಕ್ಸ್!"

ಅವಳು ಬೆಪ್ಪಾಗಿ ನಿಂತಳು. ನಮ್ಮಲ್ಲಿ ಯಾರಾದರೂ ಕಾಫಿ ಬೇಕಾ ಎಂದರೆ ಮೊದಲ ಸಲ ಬೇಡ ಎನ್ನಬೇಕು. ಎರಡನೇ ಸಲವೂ ಬೇಡ ಎನ್ನಬೇಕು. ಮೂರನೇ ಸಲ ಕೇಳಿದಾಗ, 'ನಿಮಗೆ ತೊಂದರೆ ಇಲ್ಲ ಅಂದ್ರೆ ಒಂದರ್ಧ ಕಪ್ಪು' ಎನ್ನಬೇಕು. ಮೊದಲ 'ಬೇಡ' ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ. ಮೂರನೆಯದೇ ನಿಜವಾದ ಉತ್ತರ. ಈ ಮನುಷ್ಯ ಮೊದಲನೆಯದಕ್ಕೇ ಥ್ಯಾಂಕ್ಸ್ ಹೇಳಿ ಮುಗಿಸಿಬಿಟ್ಟಿದ್ದ!

ಕುರ್ಚಿಯಲ್ಲಿ ಕೂತಿದ್ದ ವೆರ್ನಾ ನಕ್ಕರು. "ಯಾವ ಊರಪ್ಪಾ ನಿಂದು?"

"ಲೂಸಿಯಾನಾ ಕಡೆ."

"ಅದಕ್ಕೇ."

ಅವನ ಹೆಸರು ಎಮೆಟ್ ಬ್ರೂಸಾರ್. ಅದಿರಿನ ರೈಲುಗಳ ಎಂಜಿನ್ ರಿಪೇರಿಗೆಂದು ದಕ್ಷಿಣದಿಂದ ಬಂದು ವರ್ಷವಾಗಿತ್ತು.

ಮನೆ ಇಬ್ಬರಿಗೂ ಸಿಗಲಿಲ್ಲ. ಆ ವಾರವೇ ವೆರ್ನಾಗೆ ಸೊಂಟದ ಆಪರೇಷನ್ ನಿಗದಿಯಾಯಿತು. ಮಾರಾಟದ ಬೋರ್ಡು ತೆಗೆಸಿ, ಮುಂದಿನ ಶರತ್ಕಾಲಕ್ಕೆ ಮಾರುತ್ತೇನೆ ಎಂದರು. ಬೇಕಾದವರು ಯಾಕೆ ಬೇಕು ಎಂದು ತನಗೊಂದು ಪತ್ರ ಬರೆಯಲಿ ಎಂದೂ ಹೇಳಿದರು. ಮನೆ ಕೊಳ್ಳುವವರು ಮಾರುವವರಿಗೆ ಹಾಗೆ ಮನಸ್ಸು ಬಿಚ್ಚಿ ಪತ್ರ ಬರೆಯುವುದು ಇಲ್ಲಿ ಇದ್ದದ್ದೇ.

ಮೂರು ದಿನದ ಮೇಲೆ ಎಮೆಟ್ ಆಸ್ಪತ್ರೆಯ ಬಾಗಿಲಲ್ಲಿ ಸಿಗ್ನೆಯನ್ನು ಕಾದು ನಿಂತಿದ್ದ. ಕೈಯಲ್ಲಿ ಬೆಂಡೆಕಾಯಿ, ಸೀಗಡಿ ಹಾಕಿ ಕುದಿಸಿದ ಗಂಬೋ ಸಾರಿನ ಡಬ್ಬಿ.

"ವೆರ್ನಾ ಬೈದ್ರು ನಂಗೆ. ನೀವು ಇನ್ನೊಂದು ಸಲ ಬೇಡ ಅನ್ನೋದಿತ್ತಂತೆ. ಹೇಳ್ಬಿಡಿ, ಇಲ್ಲೇ ನಿಂತು ಕೇಳಿಸ್ಕೋತೀನಿ."

ಸಿಗ್ನೆ ನಕ್ಕಳು. ಹಾಗೆ ನಕ್ಕು ಎಷ್ಟು ದಿನವಾಗಿತ್ತೋ...

ಕ್ರಿಸ್‌ಮಸ್ ಹೊತ್ತಿಗೆ ಅವರು ಎದುರಾಳಿಗಳಾಗಿ ಉಳಿದಿರಲಿಲ್ಲ. ಅದೇ ನೀಲಿ ಮನೆ, ಕನಸು ಮಾತ್ರ ಇಬ್ಬರದೂ ಸೇರಿ ಒಂದೇ. ಭಾನುವಾರ ಚರ್ಚು ಮುಗಿಸಿ ವೆರ್ನಾ ಅವರ ಮನೆಯ ಮುಂದಿನ ಹಿಮ ಎತ್ತಿಹಾಕಲು ಇಬ್ಬರೂ ಹೋಗುತ್ತಿದ್ದರು. ಬಾಗಿಲಲ್ಲಿ ಎರಡು ಜೋಡಿ ಬೂಟು ಪಕ್ಕಪಕ್ಕ ಒಣಗುತ್ತಿದ್ದವು.

ಜನವರಿಯಲ್ಲಿ ಆ ಸುದ್ದಿ ಬಂತು.

ಮೊದಲ ಬಾರಿ ಮನೆ ಕೊಳ್ಳುವವರಿಗೆ ಹದಿನೈದು ಸಾವಿರ ಡಾಲರ್ ತೆರಿಗೆ ರಿಯಾಯಿತಿ. ಮುಂಗಡಕ್ಕೆ ಬೇಕಾದಷ್ಟು ಸರಿಯಾಗಿ! ಸಿಗ್ನೆ ರಜೆ ಹಾಕಿ ಒಬ್ಬಳೇ ಬ್ಯಾಂಕಿಗೆ ಓಡಿದಳು. ಸಾಲದ ವಿಭಾಗದ ಲೈಲ್ ಗುಂಡರ್ಸನ್ ಅವಳ ಜೊತೆ ಶಾಲೆ ಕಲಿತವನು. ಅವನು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ಕಂಪ್ಯೂಟರ್ ಪರದೆ ನೋಡಿದ.

"ಆದಾಯಕ್ಕೆ ಮಿತಿ ಇಟ್ಟಿದಾರೆ ಸಿಗ್ನೆ. ಒಬ್ಬಳೇ ತಗೊಂಡ್ರೆ ನೀನು ಗೆರೆ ಒಳಗೆ. ಅವನನ್ನ ಮದುವೆ ಆಗಿ ತಗೊಂಡ್ರೆ ಇಬ್ಬರ ಸಂಬಳ ಸೇರುತ್ತೆ. ಗೆರೆಯಿಂದ ನಾಲ್ಕು ಸಾವಿರ ಆಚೆ."

"ಬರೀ ನಾಲ್ಕು ಸಾವಿರ?"

"ನಾಲ್ಕೇ ಡಾಲರ್ ಆದ್ರೂ ಆಚೆ ಅಂದ್ರೆ ಆಚೆನೇ. ಅಲ್ಲದೆ ಇದು ಇನ್ನೂ ಪ್ರಸ್ತಾಪ ಕಣೇ, ಪಾಸಾಗಿಲ್ಲ."

ಕೊನೆಯ ಮಾತು ಅವಳ ಕಿವಿಗೆ ಬಿದ್ದಿತು, ಮನಸ್ಸಿಗೆ ಇಳಿಯಲಿಲ್ಲ. ಒಂದೇ ವರ್ಷ... ಮನೆ ಕೈಗೆ ಬರಲಿ, ಆಮೇಲೆ ಮದುವೆ. ನಿಧಾನವಾಗಿ ಅವನಿಗೆ ಹೇಳಿದರಾಯಿತು ಎಂದುಕೊಂಡಳು.

ಆದರೆ ಅವಳು ಹೇಳುವ ಮೊದಲೇ ಅವನು ಕೇಳಿಬಿಟ್ಟ.

ಫೆಬ್ರವರಿಯ ಒಂದು ಮಧ್ಯಾಹ್ನ. ಹೆಪ್ಪುಗಟ್ಟಿದ ಕೊಲ್ಲಿಯ ಮೇಲೆ, ಮೀನು ಹಿಡಿಯುವವರ ಪುಟ್ಟ ಮರದ ಗೂಡಿನಲ್ಲಿ ಇಬ್ಬರೇ. ಮಂಜುಗಡ್ಡೆಯಲ್ಲಿ ಕೊರೆದ ತೂತಿನೊಳಗೆ ಗಾಳದ ದಾರ ಇಳಿಬಿಟ್ಟು ಕೂತಿದ್ದರು.

"ಸಿಗ್ನೆ, ನನ್ನ ಮದುವೆ ಆಗ್ತೀಯಾ?"

ಅವಳೊಳಗೆ ಏನೋ ಬಿರಿದು ಬೆಳಕಾಯಿತು. ಹೂಂ, ಹೂಂ, ಹೂಂ... ಆದರೆ ನಾಲಗೆ ಹುಟ್ಟಿದೂರಿನದು.

"ಬೇಡ ಎಮೆಟ್... ಈಗೇನು ಅವಸರ?"

ಎರಡನೇ ಸಲ ಕೇಳಿದಾಗ ಆ ಗೆರೆಯ ವಿಷಯ ಹೇಳೋಣ. ಮೂರನೇ ಸಲಕ್ಕೆ ಹೂಂ ಅನ್ನೋಣ. ಹಾಗೆಂದುಕೊಂಡು ತಲೆ ತಗ್ಗಿಸಿ, ಕಪ್ಪು ನೀರನ್ನೇ ನೋಡುತ್ತ ಕಾದಳು.

ಎಮೆಟ್ ಗಾಳದ ದಾರವನ್ನು ಮೆಲ್ಲಗೆ ಸುತ್ತಿಟ್ಟ.

"ಸರಿ," ಎಂದ. "ಕಾಫಿ ವಿಷಯ ಬೇರೆ, ಇದು ಬೇರೆ. ಹೆಣ್ಣುಮಕ್ಕಳು ಬೇಡ ಅಂದಮೇಲೆ ಎರಡನೇ ಸಲ ಹೇಳಿಸಿ ನೋಯಿಸಬಾರದು ಅಂತ ನಮ್ಮಮ್ಮ ಕಲಿಸಿದಾಳೆ. ನಾನು ಮತ್ತೆ ಕೇಳಲ್ಲ ಸಿಗ್ನೆ. ಹೆದರ್ಕೋಬೇಡ."

ಆಗಲೇ ಹೇಳಬೇಕಿತ್ತು. ಒಂದೇ ಮಾತು ಸಾಕಿತ್ತು. ಆದರೆ ಒಬ್ಬ ಗಂಡಸು ತನ್ನ ಜೀವ ಮುಂದಿಟ್ಟು ಕೇಳಿದ್ದಕ್ಕೆ ತೆರಿಗೆ ಕಾನೂನು ಹೇಳುವುದೇ? ಛೇ... ಅವಳಿಗೆ ನಾಚಿಕೆಯಾಯಿತು. ಮರುದಿನ ಹೇಳೋಣ ಎಂದುಕೊಂಡಳು. ಮರುದಿನ ಇನ್ನಷ್ಟು ಕಷ್ಟವಾಯಿತು.

ಮಾರ್ಚಿನಲ್ಲಿ ಸರೋವರದ ಮಂಜು ಒಡೆದು ಹಡಗುಗಳು ಹೊರಟಾಗ, ಒಂದು ಅದಿರಿನ ಹಡಗಿನ ಎಂಜಿನ್ ಕೋಣೆಯಲ್ಲಿ ಎಮೆಟ್ ಕೆಲಸ ಹಿಡಿದ. ಹತ್ತು ತಿಂಗಳು ನೀರ ಮೇಲೆ. ಹೊರಡುವ ಮುನ್ನ ಸಿಗ್ನೆಯ ಬಳಿ ಬಂದು, ವೆರ್ನಾಗೆ ತಾನು ಪತ್ರ ಬರೆಯುವುದಿಲ್ಲ, ಆ ಮನೆ ನಿನಗೇ ಸಿಗಲಿ ಎಂದು ಹೇಳಿ ಹೋದ. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

ಹಡಗಿಗಾಗಿ ಮೇಲೆತ್ತುವ ಸೇತುವೆಯ ಕೆಳಗೆ ಅವನ ಹಡಗು ಹಾದುಹೋಗುವಾಗ ಸಿಗ್ನೆ ಕಾಲುವೆಯ ಕಟ್ಟೆಯ ಮೇಲೆ ನಿಂತಿದ್ದಳು. ಹಡಗು ಕೂಗಿತು, ಸೇತುವೆಯ ಸೈರನ್ ಮರುಕೂಗಿತು. ಅವನು ಎಂಜಿನ್ ಕೋಣೆಯ ತಳದಲ್ಲಿದ್ದ. ಅವಳು ಬಂದದ್ದು ಅವನಿಗೆ ತಿಳಿಯಲಿಲ್ಲ.

ಆ ವರ್ಷವಿಡೀ ಅವಳು ಆ ತೆರಿಗೆ ಪ್ರಸ್ತಾಪದ ಬೆನ್ನು ಹಿಡಿದಳು. ಮೇ ತಿಂಗಳಲ್ಲಿ ಮಿತಿ ಏರಿಸುತ್ತಾರೆಂಬ ಸುದ್ದಿ ಬಂತು. ಅಂದು ಫೋನಿನಲ್ಲಿ 'ಎಮೆಟ್' ಎಂದಷ್ಟೇ ಬರೆದು ಅಳಿಸಿದಳು. ಜುಲೈನಲ್ಲಿ ಏರಿಸುವ ಮಾತು ಬಿದ್ದುಹೋಯಿತು. ಆಸ್ಪತ್ರೆಯವರು ವಿಭಾಗದ ಮುಖ್ಯ ನರ್ಸ್ ಹುದ್ದೆ ಕೊಡುತ್ತೇವೆಂದಾಗ, ಸಂಬಳ ಹೆಚ್ಚಾದರೆ ತಾನೂ ಗೆರೆ ದಾಟುತ್ತೇನೆಂದು ಹೆದರಿ ಬೇಡವೆಂದಳು. ಅವರು ಮತ್ತೆ ಎರಡು ಸಲ ಕೇಳಿದರು. ಮೂರು ಸಲವೂ ಬೇಡವೆಂದಳು. ಆಗಸ್ಟ್‌ನಲ್ಲಿ ಮಿತಿಯನ್ನೇ ಕೆಳಗಿಳಿಸಿದರು. ಆ ಹುದ್ದೆ ಇಲ್ಲದೆಯೂ, ಒಬ್ಬಳೇ ಇದ್ದರೂ, ಅವಳು ಆಚೆ ಬಿದ್ದಳು.

ಸೆಪ್ಟೆಂಬರಿನಲ್ಲಿ ವೆರ್ನಾಗೆ ಪತ್ರ ಬರೆದಳು. ಆಸೆಯಿಂದಲ್ಲ. ಬರೆಯುತ್ತೇನೆಂದು ಮಾತು ಕೊಟ್ಟಿದ್ದಳು, ಅದಕ್ಕೆ.

ನವೆಂಬರ್‌ನಲ್ಲಿ ಮನೆ ಮಾರಾಟವಾಯಿತು. ಪೂರ್ತಿ ನಗದು ಕೊಟ್ಟದ್ದು ರಜೆಗೆ ಬರುವವರಿಗೆ ಮನೆಗಳನ್ನು ಬಾಡಿಗೆಗೆ ಬಿಡುವ ಒಂದು ಕಂಪನಿ. ಅವರು ಪತ್ರ ಬರೆದಿರಲಿಲ್ಲ. ವೆರ್ನಾ ಸಿಗ್ನೆಯ ಎರಡೂ ಕೈ ಹಿಡಿದುಕೊಂಡರು.

"ನಿನಗೇ ಕೊಡ್ಬೇಕು ಅಂತಿತ್ತು ಮಗೂ. ನನ್ನನ್ನ ನೋಡ್ಕೊಳ್ಳೋ ವೃದ್ಧಾಶ್ರಮಕ್ಕೆ ಈ ತಿಂಗಳೇ ದುಡ್ಡು ಕಟ್ಟಬೇಕು. ಕಾಯೋಕೆ ನನ್ನತ್ರ ದಿನ ಇಲ್ಲ."

"ಪರವಾಗಿಲ್ಲ," ಎಂದಳು ಸಿಗ್ನೆ. ವೆರ್ನಾ ನಮ್ಮೂರಿನವರು. ಆ ಮಾತು ಮರ್ಯಾದೆಯದೋ ನಿಜದ್ದೋ ಅವರಿಗೆ ಗೊತ್ತಿತ್ತು. ಇಬ್ಬರೂ ಅತ್ತರು.

ಹೊಸ ವರ್ಷದ ಮೊದಲ ವಾರ ಸಂಸತ್ತಿನ ಅಧಿವೇಶನ ಮುಗಿಯಿತು. ಪ್ರಸ್ತಾಪ ಪ್ರಸ್ತಾಪವಾಗಿಯೇ ಸತ್ತಿತು. ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದಿತ್ತು, ಅಷ್ಟೇ. ಕೊನೆಗೂ ಹುಟ್ಟದ ಒಂದು ಗೆರೆಗೆ ಹೆದರಿ ತಾನು ಎದುರಿಗಿದ್ದ ಮನುಷ್ಯನನ್ನು ಕಳೆದುಕೊಂಡೆ ಎಂದು ಅವಳಿಗೆ ಅಂದು ಪೂರ್ತಿ ಅರ್ಥವಾಯಿತು. ಪ್ರಾರ್ಥನೆಗೆ ಕೂತರೆ ಬಾಯಿಪಾಠದ ಸಾಲುಗಳು ಅರ್ಧಕ್ಕೇ ನಿಲ್ಲುತ್ತಿದ್ದವು.

ಎರಡು ಭಾನುವಾರ ಕಳೆದವು.

ಆರಾಧನೆ ಮುಗಿದು ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಕಾಫಿಗೆ ಕೂತಿದ್ದರು. ಅಂದು ಬಡಿಸುವ ಸರದಿ ಸಿಗ್ನೆಯದು. ಮೆಟ್ಟಿಲಲ್ಲಿ ಭಾರವಾದ ಹೆಜ್ಜೆ ಕೇಳಿಸಿತು. ಗಡ್ಡ ಬಿಟ್ಟಿದ್ದ. ಭುಜದ ಮೇಲೆ ಹಿಮ. ಹಡಗುಗಳು ಚಳಿಗಾಲದ ವಿಶ್ರಾಂತಿಗೆ ಬಂದರಿಗೆ ಮರಳಿದ್ದವು.

ಎಮೆಟ್ ಬಂದು ಅವಳ ಮುಂದೆ ನಿಂತ.

ಅವಳ ಕೈಯಲ್ಲಿ ಕೆಟಲ್ ಇತ್ತು.

"ಕಾಫಿ?"

"ಬೇಡ," ಎಂದ.

"ಸ್ವಲ್ಪ ತಗೋ..."

"ಬೇಡ, ಬೇಡ."

ಅವಳು ತಲೆಯೆತ್ತಿ ಅವನ ಕಣ್ಣು ನೋಡಿದಳು. ಮೂರನೇ ಸಲ ಕೇಳುವ ಬದಲು ಕೆಟಲನ್ನು ತುಸು ಮುಂದೆ ಚಾಚಿದಳು.

"ನಿನಗೆ ತೊಂದರೆ ಇಲ್ಲ ಅಂದ್ರೆ," ಎಂದ ಎಮೆಟ್, "ಒಂದರ್ಧ ಕಪ್ಪು."

ನೆಲಮಾಳಿಗೆಯಲ್ಲಿದ್ದವರೆಲ್ಲ ತಂತಮ್ಮ ಕಪ್ಪಿನೊಳಗೆ ನೋಡತೊಡಗಿದರು. ಯಾರೋ ಕೆಟಲನ್ನು ಅವಳ ಕೈಯಿಂದ ಬಿಡಿಸಿಕೊಂಡು, ಸರದಿ ತಮ್ಮದು ಎಂದರು.

ಕೋಟುಗಳನ್ನು ನೇತುಹಾಕುವ ಓಣಿಯಲ್ಲಿ ಇಬ್ಬರೇ ನಿಂತರು. ಅವನು ಜೇಬಿನಿಂದ ಮಡಿಕೆ ಸವೆದ ಒಂದು ಪತ್ರ ತೆಗೆದ. ಅವಳದೇ ಅಕ್ಷರ.

"ವೆರ್ನಾ ಮನೆ ಖಾಲಿ ಮಾಡುವಾಗ ಹಡಗಿಗೆ ಕಳಿಸಿದ್ರು. ಎಷ್ಟು ಸಲ ಓದಿದೀನೋ..."

ಅದರಲ್ಲಿ ಹೀಗಿತ್ತು: 'ನನಗೆ ಈ ಮನೆ ಬೇಕಾದದ್ದು ಕಿಟಕಿಗಾಗಿ ಅಲ್ಲ. ನಿಮ್ಮ ಬಾಗಿಲಲ್ಲಿ ಎರಡು ಜೋಡಿ ಬೂಟು ಒಣಗುತ್ತಿದ್ದದ್ದನ್ನು ನೋಡಿದೆನಲ್ಲ, ಅದಕ್ಕಾಗಿ. ಅವನು ಕೇಳಿದಾಗ ನಾನು ಬೇಡ ಅಂದೆ. ಮದುವೆಯಾದರೆ ನಾವು ಗೆರೆಯಿಂದ ನಾಲ್ಕು ಸಾವಿರ ಆಚೆ ಬೀಳುತ್ತಿದ್ದೆವು. ಅದನ್ನು ಹೇಳಲು ಅವನು ಇನ್ನೊಮ್ಮೆ ಕೇಳಲಿ ಎಂದು ಕಾದೆ. ಈಗ ಮನೆ ಸಿಕ್ಕರೂ ಒಂದೇ ಜೋಡಿ ಬೂಟು. ಹಾಗಾಗಿ ನಿಮಗೆ ಅನುಕೂಲವಾದವರಿಗೇ ಕೊಡಿ.'

"ನಾಲ್ಕು ಸಾವಿರ ಅಂತ ಅವತ್ತೇ ಹೇಳಿದ್ರೆ ನಾಲ್ಕು ಸಾವಿರ ಕಡಿಮೆ ದುಡೀತಿದ್ದೆ ಸಿಗ್ನೆ. ಹುಚ್ಚಿ."

"ಈಗ ಆ ರಿಯಾಯಿತಿಯೂ ಇಲ್ಲ. ಮನೆಯೂ ಇಲ್ಲ." ಅವಳಿದ್ದ ಬಾಡಿಗೆ ಕಟ್ಟಡವೂ ಮಾರಾಟವಾಗಿ, ಏಪ್ರಿಲ್‌ಗೆ ಖಾಲಿ ಮಾಡಬೇಕಿತ್ತು. ಅವನು ಮಾರ್ಚಿಗೆ ಮತ್ತೆ ಹಡಗಿಗೆ. ಒಂದೊಂದನ್ನೂ ಹೇಳಿಕೊಂಡರು. ಯಾವುದಕ್ಕೂ ಪರಿಹಾರ ಇರಲಿಲ್ಲ.

"ಸಿಗ್ನೆ, ನನ್ನ ಮದುವೆ ಆಗ್ತೀಯಾ?"

"ಬೇಡ ಎಮೆಟ್... ಎಲ್ಲಿ ಇರೋದು ನಾವು?"

ಈ 'ಬೇಡ' ಮರ್ಯಾದೆಯದೋ ನಿಜದ್ದೋ ಅವಳಿಗೇ ತಿಳಿಯಲಿಲ್ಲ.

ಎಮೆಟ್ ಕಣ್ಣು ಮುಚ್ಚಿದ. ತಾಯಿ ಕಲಿಸಿದ ಪಾಠವನ್ನು ಮೀರುವುದು ಅವನಿಗೆ ಸುಲಭವಾಗಿರಲಿಲ್ಲ. ಪತ್ರವನ್ನು ಮಡಿಸಿ ಜೇಬಿಗೆ ಹಾಕಿದ.

"ಇರೋಕೆ ಜಾಗ ಇಲ್ಲದೇನೇ," ಎಂದ, "ನನ್ನ ಮದುವೆ ಆಗ್ತೀಯಾ?"

ಎರಡನೇ ಸಲ. ಪದ್ಧತಿಯಂತೆ ಇನ್ನೊಮ್ಮೆ ಬೇಡ ಎನ್ನಬೇಕಿತ್ತು. ಅವಳ ಅಜ್ಜಿ, ಅಮ್ಮ, ಎಲ್ಲರೂ ಹಾಗೆ ಅಂದವರೇ. ಆದರೆ ಮೂರನೇ ಸಲವನ್ನು ನಂಬುವ ಧೈರ್ಯ ಸಿಗ್ನೆಯಲ್ಲಿ ಉಳಿದಿರಲಿಲ್ಲ.

"ಆಗ್ತೀನಿ."

ಅವನು ಮೆಲ್ಲಗೆ ಅಂದ:

"ನಿಮ್ಮೂರ ಪ್ರಕಾರ ನಾನು ಇನ್ನೊಂದು ಸಲ ಕೇಳೋದು ಬಾಕಿ ಇದೆ."

"ಅದನ್ನ ಹಾಗೇ ಇಟ್ಕೋ. ಮನೆ ಸಿಕ್ಕಿದ ದಿನ ಕೇಳು."

"ಸಿಗದೇ ಇದ್ರೆ?"

ಅವಳು ಅವನ ಕೋಟಿನ ಮೇಲೆ ಕರಗುತ್ತಿದ್ದ ಹಿಮವನ್ನು ಅಂಗೈಯಿಂದ ಒರೆಸಿದಳು.

"ಆಗಲೂ ಕೇಳು."